ಒಂದು ಮದುವೆ ವಿಡಿಯೋ, ಎರಡು ಪ್ರೊಸೆಸರ್

೧೯೯೬ರಲ್ಲಿ ನಾನು ಶಾಲೆ ಬಿಟ್ಟೆ. ಎಂಟನೇ ತರಗತಿ ಪಾಸಾಗಿತ್ತು, ಒಂಬತ್ತಕ್ಕೆ ಹೆಸರು ಬರೆಸಲಿಲ್ಲ. ಕಾರಣ ಹೇಳುತ್ತಾ ಕೂರುವುದಿಲ್ಲ, ಬಿಟ್ಟೆ, ಅಷ್ಟೇ. ಇದನ್ನು ಮೊದಲೇ ಹೇಳಿಬಿಡುತ್ತಿರುವುದು ಏಕೆಂದರೆ ಮುಂದೆ ಈ ಬರಹದಲ್ಲಿ ಪ್ರೊಸೆಸರ್, ಕೋರ್, ಎಕ್ಸ್‌ಪೋರ್ಟ್ ಎಂದೆಲ್ಲ ಬರುತ್ತದೆ. ಓದುವವರು ಇವನು ಯಾವ ಕಾಲೇಜಿನವನಪ್ಪಾ ಎಂದು ಹುಡುಕಬಾರದು. ಯಾವ ಕಾಲೇಜಿನವನೂ ಅಲ್ಲ. ಕೊಡ್ಲಿಪೇಟೆಯಲ್ಲಿ ಕಂಪ್ಯೂಟರ್ ಬಿಚ್ಚಿ ಜೋಡಿಸುವ ಅಂಗಡಿ ಇಟ್ಟುಕೊಂಡವನು.

ಕೆಲವು ವರ್ಷಗಳ ಹಿಂದೆ, ಜುಲೈ ತಿಂಗಳಲ್ಲಿ, ಮಡಿಕೇರಿಯ ಒಬ್ಬ ಸ್ಟುಡಿಯೋ ಮಾಲೀಕರು ಫೋನ್ ಮಾಡಿದರು. ಮದುವೆಗಳ ಫೋಟೋ, ವಿಡಿಯೋ ಮಾಡುವವರು. ಅವರ ಒಂದು ಹಳೆಯ ಯಂತ್ರವನ್ನು ನಾನು ಹಿಂದೊಮ್ಮೆ ರಿಪೇರಿ ಮಾಡಿಕೊಟ್ಟಿದ್ದೆ. ನಮ್ಮ ಜಿಲ್ಲೆಯಲ್ಲಿ ಮದುವೆಗಳೆಲ್ಲ ಏಪ್ರಿಲ್, ಮೇ ತಿಂಗಳಲ್ಲಿ ಒಟ್ಟಿಗೇ ಬೀಳುತ್ತವೆ. ಶೂಟಿಂಗ್ ಎರಡು ತಿಂಗಳು, ಎಡಿಟಿಂಗ್ ಇಡೀ ಮಳೆಗಾಲ. ಆ ವರ್ಷ ಅವರ ಕೈಯಲ್ಲಿ ಮೂವತ್ತೆಂಟು ಮದುವೆ ಬಾಕಿ ಇದ್ದವು. ಹಳೆಯ ಕಂಪ್ಯೂಟರುಗಳು ನಾಲ್ಕು ಕ್ಯಾಮೆರಾದ ದೊಡ್ಡ ದೊಡ್ಡ ಫೈಲುಗಳನ್ನು ಹೊರಲಾರದೆ ಏದುಸಿರು ಬಿಡುತ್ತಿದ್ದವು.

"ಮದುಮಕ್ಕಳ ಮನೆಯವರು ದಿನಾ ಬೈತಾರೆ ಮಾರಾಯ," ಎಂದರು. "ನಿನ್ನೆ ಒಬ್ಬ ಹೇಳಿದ, ನನಗೆ ಮಗು ಹುಟ್ಟೋ ಮುಂಚೆ ಮದುವೆ ವಿಡಿಯೋ ಸಿಗ್ತದಾ ಅಂತ. ಗೌರಿ ಹಬ್ಬದ ಒಳಗೆ ಎಲ್ಲ ಮುಗಿಸ್ಬೇಕು. ಹೊಸದು ಐದು ಕಂಪ್ಯೂಟರ್ ಬೇಕು."

ಐದು! ಅಲ್ಲಿಯವರೆಗೆ ನಾನು ಒಂದೇ ಸಲ ಎರಡಕ್ಕಿಂತ ಹೆಚ್ಚು ಜೋಡಿಸಿರಲಿಲ್ಲ. ನನ್ನ ಅಂಗಡಿಗೆ ಬರುತ್ತಿದ್ದವರು ಕೀಬೋರ್ಡಿಗೆ ಕಾಫಿ ಚೆಲ್ಲಿಕೊಂಡವರು, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಸಿಕೊಂಡವರು. ಈ ಕೆಲಸ ಸಿಕ್ಕಿದರೆ ನಾನು ಯಂತ್ರ ಕಟ್ಟುವವನು. ಸಿಗದಿದ್ದರೆ ಜೀವನಪೂರ್ತಿ ಧೂಳು ಊದುವವನು. ಫೋನ್ ಇಡುವಷ್ಟರಲ್ಲೇ ನನಗೆ ಅದು ಗೊತ್ತಾಗಿತ್ತು.

ಆದರೆ ಮೈಸೂರಿನ ಒಂದು ದೊಡ್ಡ ಅಂಗಡಿಯೂ ಕೊಟೇಶನ್ ಕೊಟ್ಟಿತ್ತು. ಬೆಲೆ ಹೆಚ್ಚುಕಮ್ಮಿ ಒಂದೇ. ಜಗಳ ಇದ್ದದ್ದು ಪ್ರೊಸೆಸರಿನದು. ಲೋಕದಲ್ಲಿ ಈ ಮಟ್ಟದ ಪ್ರೊಸೆಸರ್ ಮಾಡುವ ದೊಡ್ಡ ಕಂಪನಿಗಳು ಎರಡು. ಅವುಗಳ ಹೆಸರು ನನಗೆ ಬೇಡ. ನಮ್ಮ ಅಂಗಡಿಯಲ್ಲಿ ಡಬ್ಬದ ಬಣ್ಣ ನೋಡಿ ಕೆಂಪು, ನೀಲಿ ಎಂದೇ ಕರೆಯುತ್ತೇವೆ. ನಾನು ಕೊಟ್ಟ ಪಟ್ಟಿಯಲ್ಲಿ ಕೆಂಪು ಇತ್ತು. ಮೈಸೂರಿನವರ ಪಟ್ಟಿಯಲ್ಲಿ ನೀಲಿ.

ಮಾಲೀಕರು ಇಬ್ಬರನ್ನೂ ಒಂದೇ ದಿನ ಕರೆಸಿದರು. ಮೈಸೂರಿನಿಂದ ಬಂದವರು ಎಂಜಿನಿಯರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಣ್ಣದ ಚಾರ್ಟು. ಚಾರ್ಟಿನಲ್ಲಿ ನೀಲಿ ಗೆರೆ ಉದ್ದ, ಕೆಂಪು ಗೆರೆ ಗಿಡ್ಡ. ಯಾವುದೋ ಪರೀಕ್ಷೆಯ ಸಾಫ್ಟ್‌ವೇರ್ ಕೊಟ್ಟ ಅಂಕಗಳು.

ನಾನು ಕೇಳಿದೆ, "ಸರ್, ಈ ಪರೀಕ್ಷೇಲಿ ಮದುವೆ ವಿಡಿಯೋ ಇತ್ತಾ?"

"ಇದು ಸ್ಟ್ಯಾಂಡರ್ಡ್ ಟೆಸ್ಟ್ ಇವ್ರೇ. ಎಲ್ಲಾ ಕಡೆ ಒಪ್ಕೊಂಡಿದ್ದಾರೆ."

"ಒಪ್ಕೊಳ್ಳಿ. ಈ ಅಣ್ಣಂಗೆ ಬೇಕಾಗಿರಾದು ಮದುವೆ ವಿಡಿಯೋ ಬೇಗ ಹೊರಗೆ ಬರಾದು. ಅದನ್ನೇ ಹಾಕಿ ನೋಡನ. ನೀವೊಂದು ಯಂತ್ರ ತನ್ನಿ, ನಾನೊಂದು ತರ್ತೀನಿ. ಇಲ್ಲೇ, ಇವರ ಮುಂದೇನೆ ಓಡಿಸನ."

ಮಾಲೀಕರ ಮುಖ ಅರಳಿತು. ಅವರಿಗೆ ಬೇಕಾದದ್ದೂ ಅದೇ. "ಆಯ್ತು, ಬರೋ ಮಂಗಳವಾರ. ಯಾರದ್ದು ಮೊದಲು ಮುಗೀತದೋ ಅವರಿಗೆ ಐದೂ," ಎಂದರು. ಹೊರಡುವಾಗ ಒಂದು ಮಾದರಿ ಮದುವೆಯನ್ನು ಇಬ್ಬರಿಗೂ ಡಿಸ್ಕಿನಲ್ಲಿ ಹಾಕಿಕೊಟ್ಟರು. ಮುಹೂರ್ತದ ಭಾಗ, ನಲವತ್ತು ನಿಮಿಷದ್ದು.

ಒಂದು ವಾರ ನಾನು ಬೇರೆ ಕೆಲಸ ಮುಟ್ಟಲಿಲ್ಲ. ಹೋಲಿಕೆ ಎಂದರೆ ಬರೀ ಎರಡು ಯಂತ್ರ ಅಕ್ಕಪಕ್ಕ ಇಟ್ಟು ಗುಂಡಿ ಒತ್ತುವುದಲ್ಲ. ಪ್ರೊಸೆಸರ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಒಂದೇ ಇರಬೇಕು. ಎಂಜಿನಿಯರಿಗೆ ಫೋನ್ ಮಾಡಿ ಒಂದೊಂದೇ ಹೊಂದಿಸಿಕೊಂಡೆ: ಒಂದೇ ಕಂಪನಿಯ ರ್‍ಯಾಮ್, ಎರಡು ಕಡ್ಡಿ, ಒಂದೇ ವೇಗಕ್ಕೆ ಸೆಟ್ ಮಾಡಿದ್ದು. ಒಂದೇ ಎಸ್‌ಎಸ್‌ಡಿ. ಒಂದೇ ಗ್ರಾಫಿಕ್ಸ್ ಕಾರ್ಡ್. ಪ್ರೊಸೆಸರಿನ ತಲೆಯ ಮೇಲೆ ಕೂತು ಅದನ್ನು ತಂಪಾಗಿಡುವ ಫ್ಯಾನಿನ ಕೂಲರ್ ಕೂಡ ಒಂದೇ ಮಾದರಿ. ಮದರ್‌ಬೋರ್ಡ್ ಮಾತ್ರ ಬೇರೆ, ಏಕೆಂದರೆ ಕೆಂಪು ನೀಲಿಯ ಸಾಕೆಟ್ಟಿನಲ್ಲಿ ಕೂರುವುದಿಲ್ಲ. ಎಡಿಟಿಂಗ್ ಸಾಫ್ಟ್‌ವೇರ್ ಒಂದೇ ವರ್ಷನ್. ಎಕ್ಸ್‌ಪೋರ್ಟ್ ಮಾಡುವಾಗ, ಎಂದರೆ ಎಡಿಟ್ ಆದದ್ದನ್ನು ಕೊನೆಗೆ ಒಂದೇ ಫೈಲಾಗಿ ಹೊರತೆಗೆಯುವಾಗ, ಗ್ರಾಫಿಕ್ಸ್ ಕಾರ್ಡಿನ ಸಹಾಯ ಬಂದ್ ಮಾಡಿ ಪ್ರೊಸೆಸರ್ ಒಂದೇ ದುಡಿಯುವ ಹಾಗೆ ಇಡಬೇಕು. ಆ ಸ್ಟುಡಿಯೋದವರು ಗುಣಮಟ್ಟಕ್ಕಾಗಿ ಹಾಗೆಯೇ ಮಾಡುತ್ತಿದ್ದರು. ಪ್ರತಿ ಯಂತ್ರ ಮೂರು ಸಲ ಓಡಬೇಕು. ಮೊದಲನೆಯದನ್ನು ಬಿಟ್ಟು ಉಳಿದೆರಡನ್ನು ಬರೆದುಕೊಳ್ಳಬೇಕು.

ಕೊಡ್ಲಿಪೇಟೆಯ ಅಂಗಡಿಯಲ್ಲಿ ಕೆಂಪು ಪ್ರೊಸೆಸರ್ ಆ ಮುಹೂರ್ತವನ್ನು ಇಪ್ಪತ್ತೆರಡು ನಿಮಿಷ ಹತ್ತು ಸೆಕೆಂಡಿನಲ್ಲಿ ಮುಗಿಸಿತು. ಮತ್ತೊಮ್ಮೆ ಓಡಿಸಿದೆ. ಇಪ್ಪತ್ತೆರಡು ನಿಮಿಷ ಎಂಟು. ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ. ಈ ಕೆಲಸಕ್ಕೆ ನೀಲಿ ಇದಕ್ಕಿಂತ ನಿಧಾನ ಎಂದು ನನ್ನ ಅಂದಾಜು. ಗೆದ್ದೆ ಅಂದುಕೊಂಡೆ.

ಮಂಗಳವಾರ ಮೊದಲ ಬಸ್ಸಿನಲ್ಲಿ ಹೊರಟೆ. ಯಂತ್ರವನ್ನು ಎರಡು ಗೋಣಿಚೀಲ, ಅದರ ಮೇಲೆ ಪ್ಲಾಸ್ಟಿಕ್ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಶನಿವಾರಸಂತೆ, ಸೋಮವಾರಪೇಟೆ ದಾಟಿ ಮಡಿಕೇರಿ ಮುಟ್ಟಿದೆ. ಎಂಜಿನಿಯರು ಇನ್ನೂ ಬಂದಿರಲಿಲ್ಲ. ಎಡಿಟಿಂಗ್ ಕೋಣೆಯಲ್ಲಿ ಎರಡು ಮೇಜು ಖಾಲಿ ಮಾಡಿಸಿಟ್ಟಿದ್ದರು. ಒಂದು ಕಿಟಕಿಯ ಪಕ್ಕ. ಕಿಟಕಿಯ ಸಂದಿನಿಂದ ಮಂಜು ಒಳಗೇ ಬರುತ್ತಿತ್ತು, ಮೇಜಿನ ಹಲಗೆ ಮುಟ್ಟಿದರೆ ಒದ್ದೆ. ಇನ್ನೊಂದು ಮೂಲೆಯಲ್ಲಿ, ಲೆನ್ಸ್ ಇಡುವ ಕಬ್ಬಿಣದ ಬೀರುವಿನ ಪಕ್ಕ. ಅಲ್ಲಿ ಬೆಚ್ಚಗಿತ್ತು.

ನಾನು ಹಿಂದೆಮುಂದೆ ನೋಡಲಿಲ್ಲ. ಮೊದಲು ಬಂದವನು ನಾನು, ಬೆಚ್ಚಗಿನ ಮೂಲೆ ನನ್ನದು. ಮಳೆಗಾಲದಲ್ಲಿ ನಮ್ಮ ಕಡೆ ಬೆಲೆಬಾಳುವುದು ಏನಿದ್ದರೂ ಬೆಚ್ಚಗೆ ಇಡುವುದೇ ರೂಢಿ. ರೇಷ್ಮೆ ಸೀರೆ, ಜಮೀನಿನ ಕಾಗದಪತ್ರ, ರೇಡಿಯೋ, ಎಲ್ಲವೂ ಒಲೆಯ ಹತ್ತಿರದ ಅಟ್ಟದಲ್ಲೇ ಇರುವುದನ್ನು ನೋಡಿ ಬೆಳೆದವನು ನಾನು. ಯಂತ್ರವನ್ನು ಬೀರುವಿನ ಮಗ್ಗುಲಿಗೇ ಇಟ್ಟು ತಂತಿ ಜೋಡಿಸಿದೆ. ಬೆನ್ನಿಗೆ ಹಿತವಾಗಿ ಶಾಖ ತಗಲುತ್ತಿತ್ತು. ತಡವಾಗಿ ಬಂದ ಎಂಜಿನಿಯರಿಗೆ ಕಿಟಕಿಯ ಮೇಜು ಸಿಕ್ಕಿತು. ಪಾಪ, ಒರೆಸಿಕೊಂಡು ಒರೆಸಿಕೊಂಡು ಯಂತ್ರ ಇಟ್ಟರು. ನನಗೆ ಒಳಗೊಳಗೇ ಖುಷಿ.

ಮಾಲೀಕರು ಮೊಬೈಲಿನ ಗಡಿಯಾರ ಹಿಡಿದುಕೊಂಡು ನಿಂತರು. ಎಡಿಟಿಂಗ್ ಮಾಡುವ ಹೆಣ್ಣುಮಗಳು ಎರಡೂ ಯಂತ್ರದಲ್ಲಿ ಒಂದೇ ಫೈಲು ತೆರೆದಳು. ಸಿದ್ದಾಪುರದ ಕಡೆಯವಳು, ಮನೆಮಾತು ಮಲಯಾಳ. ಆ ಸ್ಟುಡಿಯೋದ ನಿಜವಾದ ಕೆಲಸವೆಲ್ಲ ಅವಳ ಕೈಯಲ್ಲೇ ಆಗುತ್ತಿತ್ತು. ಒಟ್ಟಿಗೆ ಗುಂಡಿ ಒತ್ತಿದೆವು.

ಮೊದಲ ಐದು ನಿಮಿಷ ಕೆಂಪು ಮುಂದಿತ್ತು. ಆಮೇಲೆ ಏನಾಯಿತೋ, ಪರದೆಯ ಮೇಲಿನ ಪಟ್ಟಿ ತೆವಳತೊಡಗಿತು. ನೀಲಿ ಇಪ್ಪತ್ತನಾಲ್ಕೂವರೆ ನಿಮಿಷಕ್ಕೆ ಮುಗಿಸಿತು. ನನ್ನದು ಮೂವತ್ತೊಂದು ನಿಮಿಷ ಹತ್ತು ಸೆಕೆಂಡು. ಎರಡನೇ ಸಲ ಮೂವತ್ತೊಂದು ನಲವತ್ತು. ಪರದೆಯ ಮೇಲೆ ಶಾಖ ತೋರಿಸುವ ಕಿಂಡಿ ತೆರೆದು ನೋಡಿದರೆ ಪ್ರೊಸೆಸರ್ ತೊಂಬತ್ತೈದು ಡಿಗ್ರಿಯಲ್ಲಿ ಕುದಿಯುತ್ತಿದೆ. ಅಷ್ಟು ಬಿಸಿಯಾದರೆ ಪ್ರೊಸೆಸರ್ ತನ್ನ ಜೀವ ಉಳಿಸಿಕೊಳ್ಳಲು ತಾನೇ ನಿಧಾನ ಆಗುತ್ತದೆ.

"ಎಂಥದು ಮಾರಾಯ, ನಿನ್ನ ಕೆಂಪು ಕುದುರೆ ಕುಂಟ್ತದಲ್ಲ?" ಎಂದರು ಮಾಲೀಕರು.

ಎಂಜಿನಿಯರು ನಗಲಿಲ್ಲ, ಅದು ಇನ್ನೂ ಚುಚ್ಚಿತು. "ಈ ಕಂಪನೀದು ಬಿಸಿ ಜಾಸ್ತಿ ಸರ್. ನಾನು ಮೊದಲೇ ಹೇಳಿದ್ದೆನಲ್ಲ."

ಕೂಲರ್ ಸರಿಯಾಗಿ ಕೂತಿಲ್ಲ ಅಂದುಕೊಂಡೆ. ಬಸ್ಸಿನ ಕುಲುಕಾಟಕ್ಕೆ ಸಡಿಲ ಆಗಿರಬಹುದು. ಎಲ್ಲರ ಎದುರಿಗೇ ಬಿಚ್ಚಿ, ಪ್ರೊಸೆಸರಿನ ಶಾಖವನ್ನು ಕೂಲರಿಗೆ ದಾಟಿಸುವ ಹಳೆಯ ಪೇಸ್ಟ್ ಒರೆಸಿ, ಹೊಸದು ಹಚ್ಚಿ, ನಾಲ್ಕು ಸ್ಕ್ರೂ ಕರ್ಣರೇಖೆಯಲ್ಲಿ ಒಂದೊಂದು ಸುತ್ತು ಬಿಗಿಮಾಡಿದೆ. ಮೂರನೇ ಸಲ ಓಡಿಸಿದೆವು. ಮೂವತ್ತು ನಿಮಿಷ ಐವತ್ತು.

ಇನ್ನು ಮಾತೇ ಇರಲಿಲ್ಲ. ಮಾಲೀಕರು ಒಳ್ಳೆಯ ಮನುಷ್ಯ, ಕಾಫಿ ಕುಡಿಸಿ, "ಬೇಜಾರ್ ಮಾಡ್ಕೊಬೇಡ. ರಿಪೇರಿ ಇದ್ರೆ ನಿನ್ನನ್ನೇ ಕರಿತೇನೆ," ಎಂದರು. ರಿಪೇರಿ! ಯಂತ್ರವನ್ನು ಮಳೆಯಲ್ಲಿ ಹೊತ್ತುಕೊಂಡು ಹೋಗುವ ಮನಸ್ಸಾಗಲಿಲ್ಲ. ನಾಳೆ ಬಂದು ಒಯ್ಯುತ್ತೇನೆ ಎಂದು ಅಲ್ಲೇ ಬಿಟ್ಟು ಬಸ್ ಹತ್ತಿದೆ.

ದಾರಿಯುದ್ದಕ್ಕೂ ಎರಡು ಸಂಖ್ಯೆ ತಲೆಯಲ್ಲಿ ತಿರುಗಿದವು. ಇಪ್ಪತ್ತೆರಡು, ಮೂವತ್ತೊಂದು. ಅದೇ ಪ್ರೊಸೆಸರ್, ಅದೇ ಫೈಲು, ಅದೇ ಕೂಲರ್. ಸೋತದ್ದಕ್ಕಿಂತ ಹೆಚ್ಚಾಗಿ ಆ ಒಂಬತ್ತು ನಿಮಿಷ ನನ್ನನ್ನು ಕೊರೆಯಿತು. ಕೆಂಪು ನಿಜವಾಗಿಯೂ ನಿಧಾನ ಇದ್ದಿದ್ದರೆ ಕೊಡ್ಲಿಪೇಟೆಯಲ್ಲೂ ನಿಧಾನ ಇರಬೇಕಿತ್ತು. ಮಡಿಕೇರಿ ನಮ್ಮೂರಿಗಿಂತ ತಂಪು. ತಂಪಿನ ಊರಲ್ಲಿ ಪ್ರೊಸೆಸರ್ ಇನ್ನೂ ಚೆನ್ನಾಗಿ ಓಡಬೇಕು, ಬೆಂದುಹೋಗುವುದು ಹೇಗೆ? ಆದರೆ ಇದನ್ನು ಬಾಯಿ ಬಿಟ್ಟು ಹೇಳಿದರೆ ಸೋತವನ ನೆಪ ಅನ್ನುತ್ತಾರೆ. "ನನ್ನ ಅಂಗಡೀಲಿ ಚೆನ್ನಾಗಿ ಓಡ್ತಿತ್ತು" ಎನ್ನುವ ಗಿರಾಕಿಗಳನ್ನು ನಾನೇ ಎಷ್ಟು ನೋಡಿಲ್ಲ!

ಬುಧವಾರ ಮತ್ತೆ ಹೋದೆ. ಬಸ್ ನಿಲ್ದಾಣದಿಂದ ಸ್ಟುಡಿಯೋಗೆ ಏರು ದಾರಿ. ನೀರು ರಸ್ತೆಯ ಮೇಲೆಯೇ ಹರಿದು ಶೂ ಒಳಗೆಲ್ಲ ತುಂಬಿತ್ತು. ಎಡಿಟಿಂಗ್ ಹೆಣ್ಣುಮಗಳು ಒಬ್ಬಳೇ ಇದ್ದಳು.

"ಅಯ್ಯಯ್ಯೋ, ಅಣ್ಣ, ಪೂರ್ತಿ ನೆನ್ದಿದ್ದೀರಲ್ಲ! ಆ ಸಾಕ್ಸ್ ಬಿಚ್ಚಿ ಬೀರು ಮೇಲೆ ಹಾಕಿ. ನಮ್ದೆಲ್ಲ ಅಲ್ಲೇ ಒಣಗ್ಸೋದು."

ಹಿಂಡಿ ಬೀರುವಿನ ಅಂಚಿಗೆ, ಯಂತ್ರದ ಕಡೆಗೆ ಇಳಿಬಿಟ್ಟೆ. ತಂತಿ ಬಿಚ್ಚಿ, ಸುತ್ತಿ, ಅವಳು ಕೊಟ್ಟ ಕಾಫಿ ಕುಡಿದು, ಅವಳ ಹಳೆಯ ಕಂಪ್ಯೂಟರಿನ ಒಂದು ಸಣ್ಣ ತೊಂದರೆ ನೋಡಿ ಹೊರಡಲು ಎದ್ದೆ. ಹೆಚ್ಚೆಂದರೆ ಮುಕ್ಕಾಲು ಗಂಟೆ. ಸಾಕ್ಸ್ ಕೈಗೆ ತೆಗೆದುಕೊಂಡೆ. ಒಣಗಿ ಗರಿಗರಿಯಾಗಿದೆ! ಬರೀ ಒಣಗಿದ್ದಲ್ಲ, ಆಗ ತಾನೇ ಕಾವಲಿಯಿಂದ ತೆಗೆದ ಹಾಗೆ ಬಿಸಿ.

ಜುಲೈ ತಿಂಗಳಲ್ಲಿ ಮಡಿಕೇರಿಯಲ್ಲಿ ಮುಕ್ಕಾಲು ಗಂಟೆಗೆ ಸಾಕ್ಸ್ ಒಣಗುವುದನ್ನು ನೀವು ಎಲ್ಲಾದರೂ ಕಂಡಿದ್ದೀರಾ?

"ಈ ಬೀರು ಒಳಗೆ ಏನೈತಮ್ಮ?"

"ಲೆನ್ಸ್. ಮತ್ತೆ ಬಲ್ಬ್. ಫಂಗಸ್ ಬರ್ತದಲ್ಲ, ಅದಕ್ಕೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಆರಿಸೋದೇ ಇಲ್ಲ."

ಬಾಗಿಲು ತೆರೆದು ತೋರಿಸಿದಳು. ಮೇಲಿನ ಖಾನೆಗಳಲ್ಲಿ ಲೆನ್ಸುಗಳು, ಕೆಳಗಿನ ಖಾನೆಯಲ್ಲಿ ಹಳೆಯ ಕಾಲದ ನೂರು ವ್ಯಾಟಿನ ಬಲ್ಬು ಎರಡು. ಈಗಿನ ಎಲ್‌ಇಡಿ ಬಲ್ಬಿನಲ್ಲಿ ಕಾವು ಬರುವುದಿಲ್ಲ ಎಂದು ಮಾಲೀಕರು ಹಳೆಯ ಬಲ್ಬುಗಳನ್ನು ಎಲ್ಲೆಲ್ಲಿಂದಲೋ ಹುಡುಕಿ ಡಬ್ಬಗಟ್ಟಲೆ ಕೂಡಿಟ್ಟಿದ್ದರು. ಬೀರುವಿನ ಪಕ್ಕದ ತಗಡಿನಲ್ಲಿ ಗಾಳಿಯಾಡಲು ತೂತುಗಳು. ಆ ತೂತುಗಳ ಎದುರಿಗೇ, ನಾಲ್ಕು ಬೆರಳು ಅಂತರದಲ್ಲಿ, ನನ್ನ ಯಂತ್ರ ಗಾಳಿ ಎಳೆದುಕೊಳ್ಳುವ ಜಾಲರಿ. ಮಲ್ಟಿಮೀಟರಿನ ಶಾಖ ಅಳೆಯುವ ತಂತಿಯನ್ನು ಅಲ್ಲಿ ಹಿಡಿದೆ. ನಲವತ್ತಾರು ಡಿಗ್ರಿ. ಕಿಟಕಿಯ ಮೇಜಿನ ಹತ್ತಿರ ಹಿಡಿದೆ. ಹತ್ತೊಂಬತ್ತು.

ನೀಲಿ ಮಂಜು ಕುಡಿದು ಓಡಿತ್ತು. ಕೆಂಪು ಒಲೆಯ ಬಾಯಿಗೆ ಮೂಗಿಟ್ಟು ಓಡಿತ್ತು. ಮತ್ತು ಅದನ್ನು ಅಲ್ಲಿ ಕೂರಿಸಿದವನು ಎಂಜಿನಿಯರಲ್ಲ, ಮಾಲೀಕರಲ್ಲ. ಒಳ್ಳೆಯ ಜಾಗ ನನ್ನದಕ್ಕೇ ಇರಲಿ ಎಂದು ಆಸೆಪಟ್ಟ ನಾನು.

ಅಲ್ಲೇ ಸ್ಟೂಲಿನ ಮೇಲೆ ಕೂತು ಯೋಚಿಸಿದೆ. ಈಗಲೇ ಯಂತ್ರವನ್ನು ಕಿಟಕಿಗೆ ಒಯ್ದು, ಓಡಿಸಿ, ಮಾಲೀಕರು ಬಂದಾಗ ಇಪ್ಪತ್ತೆರಡು ನಿಮಿಷ ತೋರಿಸಬಹುದಿತ್ತು. ಆದರೆ ಎಂಜಿನಿಯರು ಇಲ್ಲದಾಗ ತೆಗೆದ ಲೆಕ್ಕವನ್ನು ಯಾರು ನಂಬುತ್ತಾರೆ? ಎಂಟನೇ ಕ್ಲಾಸಿನವನು ಏನೋ ಕೈಚಳಕ ಮಾಡಿದ ಅನ್ನುತ್ತಾರೆ. ನನ್ನ ಹತ್ತಿರ ಇದ್ದದ್ದು ಒಂದೇ ಬಲ: ತಪ್ಪು ನನ್ನದು ಎಂದು ನಾನೇ ಹೇಳಬೇಕು, ಮತ್ತು ಆ ತಪ್ಪು ಯಾವ ಯಂತ್ರವನ್ನಾದರೂ ಕೆಡವುತ್ತದೆ ಎಂದು ತೋರಿಸಬೇಕು. ಹಾಗೆ ತೋರಿಸಬೇಕಾದರೆ ನೀಲಿಯನ್ನೂ ಅದೇ ಮೂಲೆಯಲ್ಲಿ ಕೂರಿಸಬೇಕು.

ಮಧ್ಯಾಹ್ನ ಮಾಲೀಕರು ಬಂದರು. ಸಾಕ್ಸ್ ಕಥೆ ಹೇಳಿದೆ. ಬಿದ್ದು ಬಿದ್ದು ನಕ್ಕರು. ಆದರೆ ಇನ್ನೊಂದು ದಿನ ಕೊಡಿ ಎಂದಾಗ ನಗು ನಿಂತಿತು.

"ಮಾರಾಯ, ಮೂವತ್ತೆಂಟು ಮದುವೆ ಉಂಟು ನನ್ನ ತಲೆ ಮೇಲೆ. ನಿಮ್ಮ ಕೋಳಿ ಅಂಕ ನೋಡ್ತಾ ಕೂರ್ಲಾ?"

"ಒಂದೇ ದಿನ ಅಣ್ಣ. ನಾಳೆ ಸಾಯಂಕಾಲಕ್ಕೆ ನೀಲೀನೇ ಜೋರು ಅಂತ ಬಂದ್ರೆ ನಾನೇ ಮೈಸೂರವ್ರಿಗೆ ಫೋನ್ ಮಾಡಿ ಆರ್ಡರ್ ಕೊಡಿಸ್ತೀನಿ. ಬಂದ ಐದನ್ನೂ ಬಿಟ್ಟಿ ಜೋಡಿಸಿಕೊಡ್ತೀನಿ. ತಪ್ಪು ಯಂತ್ರ ತಗೊಂಡ್ರೆ ಒಂದೊಂದು ಮದುವೇಲೂ ಗಂಟೆಗಟ್ಟಲೆ ಹೋಗ್ತದೆ, ಅದನ್ನ ಯೋಚ್ನೆ ಮಾಡಿ."

ಅವರು ಮಳೆಯನ್ನು ನೋಡಿದರು, ನನ್ನನ್ನು ನೋಡಿದರು. "ನಾಳೆ ಸಂಜೆ ಐದು ಗಂಟೆ. ಅದಾದ ಮೇಲೆ ಒಂದು ನಿಮಿಷ ಇಲ್ಲ."

ಗುರುವಾರ ಎಂಜಿನಿಯರು ಮಾಲೀಕರ ಫೋನಿಗೆ ಓಗೊಟ್ಟು, ಯಂತ್ರದ ಸಮೇತ ಸಿಡುಕಿನಲ್ಲೇ ಬಂದರು. ಮೈಸೂರಿನಿಂದ ಮತ್ತೆ ಘಾಟಿ ಹತ್ತಿ ಬರುವುದು ಯಾರಿಗೆ ಬೇಕು? ನೀಲಿಯನ್ನು ಬೀರುವಿನ ಪಕ್ಕ ಇಡಿ ಎಂದಾಗ ಸಿಟ್ಟೇ ಬಂತು. "ಇದು ನಮ್ ಮೆಷಿನ್ ಸೋಲಿಸೋಕೆ ಮಾಡಿರೋ ಪ್ಲಾನು ಸರ್."

"ಇದು ಲೆಕ್ಕಕ್ಕಿಲ್ಲ ಸರ್," ಎಂದೆ. "ಮೊನ್ನೆ ಬೆಚ್ಚಗಿನ ಜಾಗ ನನ್ನ ಯಂತ್ರಕ್ಕೇ ಇರ್ಲಿ ಅಂತ ನಾನೇ ದುರಾಸೆ ಮಾಡಿ ಇಟ್ಟೆ. ಏನಾಯ್ತು ಅಂತ ನಿಮಗೂ ಗೊತ್ತಾಗ್ಲಿ ಅಂತ ಅಷ್ಟೇ."

ಅವರು ಬೀರುವಿನ ತೂತಿನ ಮುಂದೆ ಅಂಗೈ ಹಿಡಿದರು. ಬಾಗಿಲು ತೆರೆದು ಬಲ್ಬು ನೋಡಿದರು. ಆಮೇಲೆ ಆ ಮನುಷ್ಯ ಮೊದಲ ಸಲ ನಕ್ಕರು. "ಅಣ್ಣ, ನೀವು ಕಂಪ್ಯೂಟರಿಗೆ ಬಾಣಂತನ ಮಾಡಿದ್ದೀರಲ್ರೀ!"

ಎಡಿಟಿಂಗ್ ಹೆಣ್ಣುಮಗಳು ಬಾಯಿಗೆ ಶಾಲು ಒತ್ತಿಕೊಂಡು ಹೊರಗೆ ಓಡಿದಳು. ಮಾಲೀಕರು, "ಹೌದೌದು, ಮಂಗಳವಾರ ಒಂದು ಕಷಾಯ ಕುಡಿಸೋದು ಬಾಕಿ ಇತ್ತು," ಎಂದರು. ನನ್ನ ಕಿವಿ ಬಿಸಿಯಾಯಿತು. ಆದರೂ ಕೋಣೆಯ ಗಾಳಿ ಬದಲಾದದ್ದು ಆ ನಗುವಿನಿಂದಲೇ.

ಬೀರುವಿನ ಪಕ್ಕ ನೀಲಿ ಮೂವತ್ಮೂರು ನಿಮಿಷ ತೆಗೆದುಕೊಂಡಿತು. ಕಿಟಕಿಯಲ್ಲಿ ಕೆಂಪು ಇಪ್ಪತ್ತೆರಡು ನಿಮಿಷ ಐದು ಸೆಕೆಂಡು. ಎಂಜಿನಿಯರು ಮೂವತ್ಮೂರನ್ನು ನೋಡಿದವರೇ ಎದ್ದು ತಾವೇ ತಂತಿ ಬಿಚ್ಚತೊಡಗಿದರು.

ಈಗ ಲೆಕ್ಕಕ್ಕೆ ಬರುವ ಪಂದ್ಯ. ಬಲ್ಬು ಆರಿಸಿ ಎಂದರೆ ಮಾಲೀಕರು ಒಪ್ಪಲಿಲ್ಲ, ಲೆನ್ಸು ಅವರಿಗೆ ಮಕ್ಕಳಿದ್ದ ಹಾಗೆ. ಹಾಗಾಗಿ ಮೇಜನ್ನೇ ಮುಂದಿನ ಹಾಲಿಗೆ, ಪಾಸ್‌ಪೋರ್ಟ್ ಫೋಟೋ ತೆಗೆಯುವಲ್ಲಿಗೆ ಹೊತ್ತುಕೊಂಡು ಹೋದೆವು. ಹಿಂದೆ ನೀಲಿ ಆಕಾಶ, ತಾವರೆ ಕೊಳ ಬರೆದ ಪರದೆ. ಎರಡು ಯಂತ್ರ ಅದರ ಮುಂದೆ ಜೋಡಿಯಾಗಿ ನಿಂತವು.

"ಫೋಟೋ ಹೊಡೀಲಾ ಇಬ್ಬರಿಗೂ?" ಎಂದರು ಮಾಲೀಕರು. "ಸ್ವಲ್ಪ ಹತ್ತಿರ ನಿಲ್ಲಿ, ನಾಚ್ಕೋಬೇಡಿ."

ಗಾಳಿ ಅಳೆದೆ. ಎರಡು ಕಡೆಯೂ ಇಪ್ಪತ್ತು ಡಿಗ್ರಿ. ನಾನು ಈ ಸಲ ಫೈಲನ್ನೂ ಬದಲಾಯಿಸಿದೆ. ಯಾವ ಮದುವೆ ಎಂದು ಎಂಜಿನಿಯರೇ ಆರಿಸಲಿ ಎಂದೆ. ಅವರು ಭಾಗಮಂಡಲದ ಒಂದು ಮದುವೆ ಆರಿಸಿದರು, ಅದೂ ನಲವತ್ತು ನಿಮಿಷದ ತುಂಡು. ಜಾಣರು. ಸುರಿಯುವ ಮಳೆಯಲ್ಲಿ ತೆಗೆದದ್ದು ಅದು. ಚಿತ್ರದ ತುಂಬ ಮಳೆಯ ಗೆರೆ ಇದ್ದರೆ ಪ್ರೊಸೆಸರಿಗೆ ಕೆಲಸ ಹೆಚ್ಚು.

ಮೊದಲ ಓಟವನ್ನು ಲೆಕ್ಕದಿಂದ ಬಿಟ್ಟೆವು. ಎರಡನೇ ಓಟದ ಹದಿನೇಳನೇ ನಿಮಿಷದಲ್ಲಿ ಕರೆಂಟು ಹೋಯಿತು. ಸ್ಟುಡಿಯೋದ ಯುಪಿಎಸ್ ಒಳಗಿನ ಕೋಣೆಗೆ ಮಾತ್ರ. ಎರಡೂ ಯಂತ್ರ ಒಟ್ಟಿಗೆ ಸತ್ತವು. ಗಂಟೆ ಎರಡಾಗಿತ್ತು. ಮಾಲೀಕರು ಗಡಿಯಾರ ನೋಡಿದರು.

"ಆಗ ಕೆಂಪು ಮುಂದೆ ಇತ್ತು, ನಾನು ನೋಡಿದ್ದೇನೆ. ಸಾಕಲ್ಲ?" ಎಂದರು.

ನನ್ನ ಬಾಯಲ್ಲಿ ಸಾಕು ಎಂಬ ಮಾತು ಬಂದೇಬಿಟ್ಟಿತ್ತು. ಕೆಂಪು ಮುಂದಿದ್ದದ್ದು ನಿಜ. ಆದರೆ ಮಂಗಳವಾರ ಮೊದಲ ಐದು ನಿಮಿಷವೂ ಕೆಂಪೇ ಮುಂದಿತ್ತಲ್ಲ. ಅರ್ಧ ಓಡಿದ್ದನ್ನು ಅಳತೆ ಅನ್ನುವುದಿಲ್ಲ. "ಬೇಡ ಅಣ್ಣ. ಕರೆಂಟು ಬಂದ್ಮೇಲೆ ಮೊದಲಿಂದ," ಎಂದೆ. ಎಂಜಿನಿಯರು ನನ್ನ ಕಡೆ ತಿರುಗಿ ನೋಡಿದರು. ಅವರ ಮುಖದಲ್ಲಿದ್ದ ಸಿಡುಕು ಆಗ ಪೂರ್ತಿ ಇಳಿದಿತ್ತು.

ಮೂರಕ್ಕೆ ಹತ್ತು ನಿಮಿಷ ಇರುವಾಗ ಕರೆಂಟು ಬಂತು. ಎರಡೂ ಯಂತ್ರ ಕಾಲು ಗಂಟೆ ತಣ್ಣಗಾಗಲು ಬಿಟ್ಟು ಶುರು ಮಾಡಿದೆವು. ನಾಲ್ವರೂ ನೆಲದ ಮೇಲೆ ಚಾಪೆ ಹಾಕಿಕೊಂಡು ಕೂತೆವು. ಕೆಂಪು ಇಪ್ಪತ್ತಮೂರು ನಿಮಿಷ ಹದಿನೈದು ಸೆಕೆಂಡಿಗೆ ಮುಗಿಸಿತು. ನೀಲಿ ಇಪ್ಪತ್ತಾರು ನಿಮಿಷ. ಮತ್ತೊಮ್ಮೆ. ಕೆಂಪು ಇಪ್ಪತ್ತಮೂರು ಹತ್ತು. ನೀಲಿ ಇಪ್ಪತ್ತಾರು ನಾಲ್ಕು. ಶಾಖ ನೋಡಿದೆ, ಎರಡೂ ಎಪ್ಪತ್ತರ ಆಸುಪಾಸು, ಯಾವುದೂ ಏದುಸಿರು ಬಿಡುತ್ತಿಲ್ಲ.

ಮಾಲೀಕರು ನನ್ನ ಬೆನ್ನಿಗೆ ಗುದ್ದಿದರು. "ಹೊಡೆದೆಯಲ್ಲ ಮಾರಾಯ!"

ಆ ಗುದ್ದು ಎಷ್ಟು ಹಿತವಾಗಿತ್ತೆಂದು ಇಲ್ಲಿ ಬರೆಯಲಾರೆ. ಆದರೆ ಐದಕ್ಕೆ ಇನ್ನೂ ಮುಕ್ಕಾಲು ಗಂಟೆ ಇತ್ತು, ಮತ್ತು ನನ್ನ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಖಾಲಿ ಇತ್ತು. ಎಕ್ಸ್‌ಪೋರ್ಟ್ ಎಂದರೆ ಕೊನೆಯ ಕೆಲಸ. ಅದಕ್ಕೆ ಮುಂಚೆ ಈ ಹೆಣ್ಣುಮಗಳು ದಿನವಿಡೀ ನಾಲ್ಕು ಕ್ಯಾಮೆರಾದ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ಕತ್ತರಿಸುತ್ತಾಳೆ. ಪ್ರೊಸೆಸರಿನ ಒಳಗೆ ಕೆಲಸ ಹಂಚಿಕೊಳ್ಳುವ ಭಾಗಗಳು ಕೋರುಗಳು, ಈ ಕತ್ತರಿಸುವ ಕೆಲಸದಲ್ಲಿ ಅವೆಲ್ಲವೂ ದುಡಿಯುವುದಿಲ್ಲ. ಒಂದೆರಡು ಕೋರು ಎಷ್ಟು ಚುರುಕು ಎನ್ನುವುದೇ ಮುಖ್ಯ. ಅದನ್ನು ಗಡಿಯಾರ ಹೇಳುವುದಿಲ್ಲ, ಅವಳ ಕೈ ಹೇಳಬೇಕು.

ಯಂತ್ರಗಳೆರಡನ್ನೂ ತಾವರೆ ಕೊಳದ ಪರದೆಯ ಹಿಂದೆ ಸರಿಸಿ, ಮಾನಿಟರ್, ಮೌಸ್ ಮಾತ್ರ ಅವಳ ಮುಂದಿಟ್ಟೆ. ಯಾವುದು ಯಾವುದೆಂದು ಹೇಳಲಿಲ್ಲ. ಐದು ನಿಮಿಷ ಒಂದರಲ್ಲಿ ಕತ್ತರಿಸಿದಳು, ಐದು ನಿಮಿಷ ಇನ್ನೊಂದರಲ್ಲಿ. ಎಂಜಿನಿಯರು ಹಿಂದಿನಿಂದ ತಂತಿ ಬದಲಾಯಿಸುತ್ತಿದ್ದರು. ಮೂರು ಸಲ ಹೀಗೆ.

"ಈಗ ಇರೋದು ಒಳ್ಳೇದು," ಎಂದಳು ಎರಡನೆಯದರಲ್ಲಿ. ಮುಂದಿನ ಸಲವೂ ಅದನ್ನೇ ಹಿಡಿದಳು. ಮೂರನೆಯ ಸಲವೂ. "ಅದು ಎಳೆದ ಕೂಡ್ಲೆ ಬರ್ತದೆ. ಇನ್ನೊಂದು ಸ್ವಲ್ಪ, ಸ್ವಲ್ಪವೇ, ಯೋಚ್ನೆ ಮಾಡ್ತದೆ."

ಅವಳು ಮೂರು ಸಲವೂ ಆರಿಸಿದ್ದು ನೀಲಿ. ಎಂಜಿನಿಯರು ಪರದೆಯ ಹಿಂದಿನಿಂದ ತಲೆ ಹೊರಹಾಕಿ ನನ್ನ ಬಾಯನ್ನೇ ನೋಡುತ್ತಿದ್ದರು.

"ಅಣ್ಣ, ಇಲ್ಲಿ ನೀಲಿ ಗೆದ್ದಿತು," ಎಂದೆ ಗಟ್ಟಿಯಾಗಿ. ನೋಟ್‌ಬುಕ್ಕಿನಲ್ಲಿ ಬರೆದೆ.

ಮಾಲೀಕರು ಹಣೆ ಚಚ್ಚಿಕೊಂಡರು. "ಎಂಥ ಜನ ಮಾರಾಯ ನೀನು! ನಾನು ಐದೂ ಕೆಂಪು ಅಂತ ಬಾಯಿ ತೆಗೀತಿದ್ದೆ. ನಿನ್ನ ವ್ಯಾಪಾರ ನೀನೇ ಯಾಕೆ ಹಾಳು ಮಾಡ್ತಿ?"

"ಹಾಳಲ್ಲ ಅಣ್ಣ. ಐದರಲ್ಲಿ ನಾಲ್ಕು ಹಗಲೂರಾತ್ರಿ ಎಕ್ಸ್‌ಪೋರ್ಟಿಗೇ ಅಲ್ವಾ? ಅವು ಕೆಂಪಾಗ್ಲಿ. ಈಯಮ್ಮ ಕೂರೋ ಒಂದು ಮಾತ್ರ ನೀಲಿ ಮಾಡಿ. ಕೈ ಯಾರದ್ದು ನೋಯ್ತದೋ ಅವರ ಮಾತು ಕೇಳಾದು ಸರಿ."

ಅವರು ಸ್ವಲ್ಪ ಹೊತ್ತು ನನ್ನ ನೋಟ್‌ಬುಕ್ಕನ್ನು ಹಿಡಿದು ಮಂಗಳವಾರದಿಂದ ಬರೆದ ಎಲ್ಲ ಸಂಖ್ಯೆಗಳ ಮೇಲೆ ಬೆರಳಾಡಿಸಿದರು. ಬೀರುವಿನ ಪಕ್ಕದ ಸೋಲು ಕೂಡ ಹೊಡೆದುಹಾಕದೆ ಹಾಗೇ ಇತ್ತು. ಆಮೇಲೆ ಹೇಳಿದರು, "ಐದೂ ನೀನೇ ಕಟ್ಟಿ ಕೊಡು. ಕೆಂಪೋ ನೀಲಿಯೋ ನನಗೆ ಬೇಡ. ನೀನು ಅಳೆದು ಕೊಟ್ಟರೆ ಸಾಕು."

ಗಂಟೆ ಐದಕ್ಕೆ ಎಂಟು ನಿಮಿಷ ಇತ್ತು.

ನೀಲಿ ಪ್ರೊಸೆಸರ್ ಒಂದನ್ನು ನಾನು ಮೈಸೂರಿನ ಆ ಎಂಜಿನಿಯರ ಅಂಗಡಿಯಿಂದಲೇ ತರಿಸಿದೆ. ಹೊರಡುವಾಗ ಅವರು ಜೇಬಿನಿಂದ ಫೋನ್ ತೆಗೆದು ಕೇಳಿದರು, "ಅಣ್ಣ, ನಿಮ್ ನೋಟ್‌ಬುಕ್ ಪೇಜ್ ಒಂದು ಫೋಟೋ ತಗೋಬೋದಾ? ನಮ್ ಹುಡುಗರಿಗೆ ತೋರಿಸ್ಬೇಕು, ಟೆಸ್ಟ್ ಹೇಗೆ ಮಾಡೋದು ಅಂತ." ಪದವಿ ಓದಿದ ಮನುಷ್ಯ ಕೇಳಿದ್ದು ಅದು. ನಾನು ಪುಟ ಬಿಡಿಸಿ ಹಿಡಿದೆ. ಅಕ್ಷರ ಅಷ್ಟು ಚೆನ್ನಾಗಿಲ್ಲ ಎಂದೆ. ಸಂಖ್ಯೆ ಚೆನ್ನಾಗಿದೆಯಲ್ಲ ಎಂದರು.

ಆ ಐದು ಯಂತ್ರಗಳನ್ನು ಹನ್ನೊಂದು ದಿನದಲ್ಲಿ ಕಟ್ಟಿದೆ. ಒಂದೊಂದನ್ನೂ ಮೂರು ಮೂರು ಸಲ ಓಡಿಸಿ, ಕಾಲ ಬರೆದ ಚೀಟಿಯನ್ನು ಬೆನ್ನಿಗೆ ಅಂಟಿಸಿ ಕೊಟ್ಟೆ. ಗೌರಿ ಹಬ್ಬಕ್ಕೆ ನಾಲ್ಕು ದಿನ ಇರುವಾಗ ಮೂವತ್ತೆಂಟನೆಯ ಮದುವೆ ಮುಗಿಯಿತು ಎಂದು ಮಾಲೀಕರ ಫೋನ್ ಬಂತು. ಮಗು ಹುಟ್ಟುವ ಮುಂಚೆ ಎಂದು ಕೇಳಿದ್ದ ಆ ಮದುಮಗನಿಗೂ ಸಕಾಲಕ್ಕೇ ಸಿಕ್ಕಿತಂತೆ. ಗಾಳಿಬೀಡಿನ ಒಂದು ಹೋಮ್‌ಸ್ಟೇಯವರು, ಕುಶಾಲನಗರದ ಇಬ್ಬರು ಸ್ಟುಡಿಯೋದವರು ಅದೇ ತಿಂಗಳು ಕೊಡ್ಲಿಪೇಟೆಯ ದಾರಿ ಕೇಳಿಕೊಂಡು ಬಂದರು. ಮೂವರೂ ಕೇಳಿದ ಮೊದಲ ಪ್ರಶ್ನೆ ಒಂದೇ: ಅಳೆದು ಕೊಡುವವರು ನೀವೇನಾ?

ಈಗ ನನ್ನ ಬಳಿ ಇರುವುದು ಇಷ್ಟು. ಅಂಗಡಿಯ ಕೋಣೆ ಎರಡು. ಜೋಡಿಸುವ ಮೇಜು ಮೂರು, ಅಳೆಯುವ ಮೇಜು ಒಂದು. ಕೆಲಸ ಮಾಡುವವರು ನನ್ನನ್ನೂ ಸೇರಿ ಮೂವರು. ಉಳಿದಿಬ್ಬರು ಡಿಪ್ಲೊಮಾ ಓದಿದವರು. ಜಿಲ್ಲೆಯಲ್ಲಿ ಓಡುತ್ತಿರುವ, ನಾನು ಕಟ್ಟಿದ ಯಂತ್ರ ಅರವತ್ಮೂರು. ಅದರಲ್ಲಿ ಕೆಂಪು ನಲವತ್ತೊಂದು, ನೀಲಿ ಇಪ್ಪತ್ತೆರಡು. ಅಳೆಯದೆ ಕೊಟ್ಟದ್ದು ಒಂದೂ ಇಲ್ಲ.